‘ರಫ್ತು’ ಎಂಬ ಪದವೂ ಪ್ರಯಾಣಿಕನ ಲ್ಯಾಪ್‌ಟಾಪೂ: ಆಡಳಿತ ಕನ್ನಡದ ಒಂದು ಪಾಠ

ಪೀಠಿಕೆ

ಆಡಳಿತ ಭಾಷೆಯ ಪಾಠವೆಂದರೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಹಲವರಿಗೆ ನಿರುತ್ಸಾಹ. ಪಂಪ, ಕುಮಾರವ್ಯಾಸರನ್ನು ಓದಲು ಬಂದವರಿಗೆ ಸುತ್ತೋಲೆ, ಅಧಿಸೂಚನೆ, ಪರವಾನಗಿಗಳ ಭಾಷೆ ಒಣ ಸೌದೆಯಂತೆ ತೋರುವುದು ಸಹಜ. ಆದರೆ ಆ ಸೌದೆಯಲ್ಲಿ ಕಿಚ್ಚು ಅಡಗಿರುತ್ತದೆ ಎಂಬುದಕ್ಕೆ ಒಂದು ಪ್ರಸಂಗವನ್ನು ಮೊದಲು ಹೇಳಬೇಕು.

ನಮ್ಮ ವಿಭಾಗದಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬರ ಕುಟುಂಬ ಬಾಗಲಕೋಟೆಯ ಕಡೆಯಿಂದ ಹೋಗಿ ಗೋವೆಯ ವಾಸ್ಕೋದಲ್ಲಿ ನೆಲೆಸಿದೆ. ಅವರ ತಮ್ಮ ಎಂಜಿನಿಯರ್. ಕಂಪನಿಯ ಕೆಲಸಕ್ಕಾಗಿ ಮೊದಲ ಬಾರಿ ವಿದೇಶಕ್ಕೆ ಹೊರಟಾಗ ಕಚೇರಿಯವರು ನಾಲ್ಕು ಪುಟದ ಇಂಗ್ಲಿಷ್ ಸೂಚನೆಯೊಂದನ್ನು ಕೊಟ್ಟು ಸಹಿ ಹಾಕಲು ಹೇಳಿದರು. ಜೊತೆಯಲ್ಲಿ ಒಯ್ಯುವ ಲ್ಯಾಪ್‌ಟಾಪ್, ಫೋನ್ ಮತ್ತು ಅಳತೆಯ ಉಪಕರಣಕ್ಕೆ ರಫ್ತು ನಿಯಂತ್ರಣದ ನಿಯಮಗಳು ಅನ್ವಯವಾಗುತ್ತವೆ ಎಂಬುದು ಅದರ ತಾತ್ಪರ್ಯ. ಮಗಳು ಅದನ್ನು ಮನೆಯಲ್ಲಿ ಕನ್ನಡದಲ್ಲಿ ಓದಿ ಹೇಳುತ್ತಿರುವಾಗ ತಾಯಿ ಕೇಳಿದರಂತೆ: “ಮಾರಾಕ ಒಯ್ಯಾಕತ್ತಿಲ್ಲ, ತಿರುಗಿ ಮನಿಗೇ ತರ್ತಾನ. ಅಂದಮ್ಯಾಲೆ ಅದು ರಫ್ತು ಹೆಂಗ ಆಗ್ತೈತಿ?”

ಈ ಪ್ರಶ್ನೆಗೆ ಮಗಳಿಗೆ ಉತ್ತರ ತೋಚಲಿಲ್ಲ. ಆಕೆ ಅದನ್ನು ನಮ್ಮ ಮುಂದೆ ಇಟ್ಟಾಗ ನಾವೂ ಒಡನೆ ಉತ್ತರಿಸಲಾರದೆ ಹೋದೆವು. ಸರಿಯಾದ ಉತ್ತರ ತಿಳಿಯದೆ ಹೊರಡುವ ಪ್ರಯಾಣಿಕನ ಉಪಕರಣ ಜಪ್ತಿಯಾಗಬಹುದು, ಕೆಲಸ ಹೋಗಬಹುದು, ಕೆಲವು ಸಂದರ್ಭಗಳಲ್ಲಿ ಮೊಕದ್ದಮೆಯನ್ನೂ ಎದುರಿಸಬೇಕಾಗಬಹುದು. ಪ್ರಸ್ತುತ ಪಾಠವು ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಹುಡುಕುವ ಪ್ರಯತ್ನ.

1. ಪದಮೂಲ ಏನು ಹೇಳುತ್ತದೆ?

ಗಡಿ ಮತ್ತು ವ್ಯಾಪಾರಕ್ಕೆ ಸಂಬಂಧಿಸಿದ ಕನ್ನಡದ ಪದಗಳು ಎರಡು ಮುಖ್ಯ ಮೂಲಗಳಿಂದ ಬಂದಿವೆ. ‘ಸುಂಕ’ವು ಸಂಸ್ಕೃತದ ‘ಶುಲ್ಕ’ದಿಂದಾದ ತದ್ಭವ. ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಓದಿದವರಿಗೆ ಈ ಬಗೆಯ ಮಾರ್ಪಾಡು ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಹೆಜ್ಜುಂಕ’, ‘ವಡ್ಡರಾವುಳ’ ಮೊದಲಾದ ತೆರಿಗೆಯ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಆ ಶಾಸನಗಳ ಹೆಜ್ಜುಂಕವೆಂದರೆ ಹಿರಿದಾದ ಸುಂಕ.

ಎರಡನೆಯ ಗುಂಪು ಪಾರಸಿ ಮತ್ತು ಅರಬ್ಬಿ ಮೂಲದ್ದು. ಆಮದು, ರಫ್ತು, ಪರವಾನಗಿ, ರಹದಾರಿ, ಜಕಾತಿ, ಜಪ್ತಿ ಇವೆಲ್ಲ ಆ ದಾರಿಯಲ್ಲಿ ಬಂದು ಕನ್ನಡದಲ್ಲಿ ಬೇರೂರಿದ ಪದಗಳು. ಇವುಗಳಲ್ಲಿ ಆಮದು ಮತ್ತು ರಫ್ತು ಎಂಬ ಜೋಡಿಯನ್ನು ಬಿಡಿಸಿ ನೋಡಬೇಕು. ಪಾರಸಿಯಲ್ಲಿ ‘ಆಮದ್’ ಎಂದರೆ ಬಂದಿತು. ‘ರಫ್ತ್’ ಎಂದರೆ ಹೋಯಿತು. ಮೂಲದಲ್ಲಿ ಇಷ್ಟೇ ಅರ್ಥ. ಮಾರಾಟ, ಲಾಭ, ವರ್ತಕ, ಗಿರಾಕಿ ಯಾವುದೂ ಆ ಧಾತುವಿನಲ್ಲಿಲ್ಲ. ವ್ಯಾಪಾರದ ಅರ್ಥ ಬಳಕೆಯಿಂದ ಬಂದು ಸೇರಿಕೊಂಡದ್ದು.

ಭಾರತದ ಕಾನೂನು ಕೂಡ ಈ ಪದವನ್ನು ಹೆಚ್ಚುಕಡಿಮೆ ಅದರ ಮೂಲಾರ್ಥದಲ್ಲಿಯೇ ಗ್ರಹಿಸುತ್ತದೆ ಎಂಬುದು ಗಮನಾರ್ಹ. 1962ರ ಸೀಮಾಸುಂಕ ಕಾಯ್ದೆಯ ಪ್ರಕಾರ ರಫ್ತು ಎಂದರೆ ಭಾರತದಿಂದ ಭಾರತದ ಹೊರಗಿನ ಸ್ಥಳಕ್ಕೆ ಒಯ್ಯುವುದು. 1992ರ ವಿದೇಶ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯೂ ಭೂಮಿ, ಸಮುದ್ರ ಅಥವಾ ಆಕಾಶಮಾರ್ಗದಲ್ಲಿ ಸರಕನ್ನು ದೇಶದಿಂದ ಹೊರಕ್ಕೆ ಒಯ್ಯುವುದನ್ನೇ ರಫ್ತು ಎನ್ನುತ್ತದೆ. ಸೀಮಾಸುಂಕ ಕಾಯ್ದೆಯು ‘ಸರಕು’ ಎಂಬ ಪದದೊಳಗೆ ಪ್ರಯಾಣಿಕನ ಸಾಮಾನನ್ನೂ ಸೇರಿಸಿದೆ. ಹಾಗಾಗಿ ಹೆಗಲಚೀಲದಲ್ಲಿರುವ ಲ್ಯಾಪ್‌ಟಾಪ್ ಕಾನೂನಿನ ದೃಷ್ಟಿಯಲ್ಲಿ ಸರಕು. ಅದನ್ನು ಹೊತ್ತು ಗಡಿ ದಾಟುವುದು ರಫ್ತು.

ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ತಾಯಿಯ ಮನಸ್ಸಿನಲ್ಲಿದ್ದುದು ಲೋಕರೂಢಿಯ ಅರ್ಥ. ಕಾನೂನು ನೋಡುವುದು ತಾನೇ ಕಟ್ಟಿಕೊಟ್ಟ ವಾಚ್ಯಾರ್ಥವನ್ನು. ಲಕ್ಷಣೆಗೂ ವ್ಯಂಜನೆಗೂ ಅಲ್ಲಿ ಎಡೆಯಿಲ್ಲ. ಕಾಯ್ದೆಯೊಂದನ್ನು ಓದುವಾಗ ಮೊದಲು ಅದರ ವ್ಯಾಖ್ಯೆಗಳ ಪ್ರಕರಣವನ್ನು ಓದಬೇಕೆಂಬ ನಿಯಮದ ತಿರುಳು ಇದೇ.

2. ಗೋವೆಯ ಮೂರು ನಿದರ್ಶನಗಳು

ಪದದಿಂದ ಇತಿಹಾಸಕ್ಕೆ ಬರೋಣ. ಸರಕು ಗಡಿ ದಾಟುವಾಗ ಪ್ರಭುತ್ವವು ಏನನ್ನು ಕೇಳುತ್ತದೆ ಎಂಬುದು ಕಾಲದಿಂದ ಕಾಲಕ್ಕೆ ಬದಲಾಗಿದೆ. ಆ ಬದಲಾವಣೆಯನ್ನು ಗೋವೆಯ ನೆಲದ ಮೇಲೆಯೇ ಗುರುತಿಸಬಹುದು.

ಮೊದಲನೆಯದು ಗೋವೆಯ ಕದಂಬರ ಕಾಲದ್ದು. 1059ರ ಪಣಜಿ ತಾಮ್ರಶಾಸನವು ಒಂದನೆಯ ಜಯಕೇಶಿಯ ಆಳ್ವಿಕೆಯದು. ಅರಬ್ ಮೂಲದ ವರ್ತಕ ಮನೆತನಕ್ಕೆ ಸೇರಿದ ಅಧಿಕಾರಿಯೊಬ್ಬನು ಕಟ್ಟಿಸಿದ ಮಸೀದಿಯ ನಿರ್ವಹಣೆಗಾಗಿ, ಬಂದರಿಗೆ ಬರುವ ಹಡಗುಗಳಿಂದ ಸುಂಕ ಎತ್ತುವ ಹಕ್ಕನ್ನು ಅದು ದಾಖಲಿಸುತ್ತದೆ. ಇಲ್ಲಿ ಪ್ರಭುತ್ವದ ಪ್ರಶ್ನೆ ‘ಎಷ್ಟು?’ ಎಂಬುದು. ಸುಂಕ ಸಂದರೆ ಸರಕಿಗೆ ದಾರಿ ತೆರೆಯುತ್ತದೆ.

ಎರಡನೆಯದು 1547ರದು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಮೇಲೆ ಅರಬ್ಬಿ ಮತ್ತು ಪಾರಸಿ ಕುದುರೆಗಳ ವ್ಯಾಪಾರ ಬಹುಮಟ್ಟಿಗೆ ಅವರ ಹಿಡಿತಕ್ಕೆ ಬಂದಿತು. ದಕ್ಷಿಣದ ಸೈನ್ಯಗಳಿಗೆ ಉತ್ತಮ ಕುದುರೆಗಳು ಕಡಲಿನಾಚೆಯಿಂದಲೇ ಬರಬೇಕಿದ್ದವು. 1547ರಲ್ಲಿ ಗೋವೆಯ ಗವರ್ನರ್ ಜೊಆವ್ ದ ಕಾಸ್ತ್ರೋ ವಿಜಯನಗರದೊಡನೆ ಒಪ್ಪಂದ ಮಾಡಿಕೊಂಡನು. ಆಗ ವಿಜಯನಗರದ ಸಿಂಹಾಸನದಲ್ಲಿದ್ದವನು ಸದಾಶಿವರಾಯ. ಗೋವೆಗೆ ಬಂದಿಳಿಯುವ ಕುದುರೆಗಳು ವಿಜಯನಗರಕ್ಕೆ ಸಲ್ಲಬೇಕು, ಬಿಜಾಪುರಕ್ಕೆ ಹೋಗಕೂಡದು ಎಂಬುದು ಅದರ ಮುಖ್ಯಾಂಶ. ಅದೇ ರೀತಿ ವಿಜಯನಗರದ ಕಡೆಯಿಂದ ಪೆಟ್ಲುಪ್ಪು ಮತ್ತು ಕಬ್ಬಿಣ ಬಿಜಾಪುರವನ್ನು ಸೇರದಂತೆ ತಡೆಯಬೇಕೆಂಬ ಮಾತೂ ಅದರಲ್ಲಿತ್ತು.

ಇಲ್ಲಿ ಪ್ರಶ್ನೆ ‘ಎಷ್ಟು?’ ಎಂಬುದಲ್ಲ; ‘ಯಾರಿಗೆ? ಏತಕ್ಕೆ?’ ಎಂಬುದು. ಬಿಜಾಪುರದವರು ಎಷ್ಟೇ ಹಣ ತರಲಿ, ಒಪ್ಪಂದದ ಪ್ರಕಾರ ಕುದುರೆ ಅತ್ತ ಹೋಗುವಂತಿಲ್ಲ. ಸುಂಕಕ್ಕೂ ನಿಯಂತ್ರಣಕ್ಕೂ ಇರುವ ಮೂಲಭೂತ ಭೇದವನ್ನು ವಿದ್ಯಾರ್ಥಿಗಳು ಈ ನಿದರ್ಶನದಿಂದ ಮನದಟ್ಟು ಮಾಡಿಕೊಳ್ಳಬೇಕು. ಕುದುರೆ ಸವಾರಿಗೂ ಬೇಕು, ಸಮರಕ್ಕೂ ಬೇಕು. ಕಬ್ಬಿಣ ನೇಗಿಲಿನ ಗುಳಕ್ಕೂ ಬೇಕು, ಕತ್ತಿಗೂ ಬೇಕು. ಹೀಗೆ ನಾಗರಿಕ ಮತ್ತು ಸೈನಿಕ ಉಪಯೋಗಗಳೆರಡೂ ಇರುವ ವಸ್ತುವನ್ನು ಇಂದು ‘ದ್ವಿಬಳಕೆಯ ವಸ್ತು’ ಎನ್ನುತ್ತಾರೆ. ಪರಿಭಾಷೆ ಹೊಸದು, ಚಿಂತೆ ಹಳೆಯದು.

ಮೂರನೆಯದು ನಮ್ಮ ಅಜ್ಜ ಅಜ್ಜಿಯರ ನೆನಪಿನ ಅಂಚಿನಲ್ಲಿರುವಂಥದು. ಉತ್ತರ ಕನ್ನಡದ ಕ್ಯಾಸಲ್‌ರಾಕ್ ಇಂದು ಘಟ್ಟದ ಮೇಲಿನ ಸಣ್ಣ ರೈಲು ನಿಲ್ದಾಣ. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಳ್ಳುವ ಮೊದಲು ಅದು ಅಂತರರಾಷ್ಟ್ರೀಯ ಗಡಿಯ ನಿಲ್ದಾಣವಾಗಿತ್ತು. ಹುಬ್ಬಳ್ಳಿಯ ಕಡೆಯಿಂದ ಗೋವೆಗೆ ಹೊರಟವರ ಸಾಮಾನನ್ನು ಅಲ್ಲಿ ಸುಂಕದ ಅಧಿಕಾರಿಗಳು ತಪಾಸಣೆ ಮಾಡುತ್ತಿದ್ದರು. ಘಟ್ಟದ ಕೆಳಗಿನ ಕುಳೆಂನಲ್ಲಿ ಪೋರ್ಚುಗೀಸರ ತಪಾಸಣೆ ನಡೆಯುತ್ತಿತ್ತು. ಆಗ ಒಂದು ಗಂಟುಮೂಟೆಯೊಡನೆ ಘಟ್ಟ ಇಳಿಯುವುದು ದೇಶವನ್ನೇ ದಾಟುವ ಕ್ರಿಯೆ. ಈಗ ಅದೇ ಹಳಿಯ ಮೇಲೆ, ಅಂಥದೇ ಗಂಟಿನೊಡನೆ ಹೋದರೆ ಅದು ನೆರೆಯೂರಿನ ಪ್ರಯಾಣ. ಗಂಟು ಬದಲಾಗಲಿಲ್ಲ, ಒಯ್ಯುವವನ ಉದ್ದೇಶವೂ ಬದಲಾಗಲಿಲ್ಲ, ಗಡಿ ಬದಲಾಯಿತು. ರಫ್ತು ಎಂಬುದು ವಸ್ತುವಿನ ಗುಣವಲ್ಲ, ಅದು ದಾಟುವ ಗೆರೆಯಿಂದ ಅದಕ್ಕೆ ಬರುವ ಹೆಸರು.

3. ಇಂದಿನ ನಿಯಮಗಳ ಮೂರು ಪದರಗಳು

ಈ ಹಿನ್ನೆಲೆಯಲ್ಲಿ ಇಂದಿನ ಎಂಜಿನಿಯರನ ಚೀಲಕ್ಕೆ ಮರಳೋಣ. ಅದರ ಮೇಲೆ ಮೂರು ಬಗೆಯ ನಿಯಮಗಳು ಒಂದರ ಮೇಲೊಂದು ಹರಡಿಕೊಂಡಿವೆ. ಅವುಗಳನ್ನು ಬೆರೆಸದೆ ಓದುವುದು ಅಗತ್ಯ.

ಮೊದಲ ಪದರ: ಸೀಮಾಸುಂಕ. ಇದು ಕದಂಬರ ಕಾಲದ ‘ಎಷ್ಟು?’ ಎಂಬ ಪ್ರಶ್ನೆಯ ಮುಂದುವರಿಕೆ. ಹದಿನೆಂಟು ತುಂಬಿದ ಪ್ರಯಾಣಿಕರು ಭಾರತಕ್ಕೆ ಬರುವಾಗ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಎರಡನೆಯ ಲ್ಯಾಪ್‌ಟಾಪ್, ಬೆಲೆಬಾಳುವ ಕ್ಯಾಮೆರಾ, ಅಳತೆಯ ಉಪಕರಣ ಇವುಗಳ ವಿಷಯದಲ್ಲಿ, ಮರಳಿ ಬರುವಾಗ ‘ಇದು ವಿದೇಶದಲ್ಲಿ ಕೊಂಡದ್ದು’ ಎಂಬ ಸಂಶಯ ಹುಟ್ಟಬಹುದು. ಅದಕ್ಕೆ ಪರಿಹಾರವೇ ರಫ್ತು ಪ್ರಮಾಣಪತ್ರ. ಹೊರಡುವಾಗ ವಿಮಾನನಿಲ್ದಾಣದಲ್ಲಿ ಸೀಮಾಸುಂಕದ ಅಧಿಕಾರಿಗೆ ವಸ್ತುವನ್ನು ತೋರಿಸಿ, ಅದರ ಗುರುತನ್ನು ದಾಖಲಿಸಿ ಈ ಪತ್ರವನ್ನು ಪಡೆಯಬಹುದು. ಸಾಮಾನನ್ನು ಒಪ್ಪಿಸಿ ಬಿಟ್ಟ ಮೇಲೆ ತೋರಿಸಲು ವಸ್ತುವೇ ಕೈಯಲ್ಲಿರುವುದಿಲ್ಲವಾದ್ದರಿಂದ ಈ ಕೆಲಸವನ್ನು ಅದಕ್ಕೂ ಮೊದಲೇ ಮುಗಿಸಬೇಕು.

ಎರಡನೆಯ ಪದರ: ಭಾರತದ ರಫ್ತು ನಿಯಂತ್ರಣ. ಇದು 1547ರ ಪ್ರಶ್ನೆಯ ಮುಂದುವರಿಕೆ. ವಿಶೇಷ ರಾಸಾಯನಿಕ, ಜೀವಿ, ಸಾಮಗ್ರಿ, ಉಪಕರಣ ಮತ್ತು ತಂತ್ರಜ್ಞಾನಗಳ ಪಟ್ಟಿಯೊಂದನ್ನು ಭಾರತ ಇಟ್ಟುಕೊಂಡಿದೆ. ಇಂಗ್ಲಿಷಿನ ಮೊದಲಕ್ಷರಗಳಿಂದ ಅದಕ್ಕೆ ‘ಸ್ಕೋಮೆಟ್’ ಎಂದು ಹೆಸರು. ಇದನ್ನು ಪ್ರಧಾನವಾಗಿ ನೋಡಿಕೊಳ್ಳುವುದು ವಾಣಿಜ್ಯ ಸಚಿವಾಲಯದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ. ಪರಮಾಣು ಸಾಮಗ್ರಿಗಳು ಪರಮಾಣು ಶಕ್ತಿ ಇಲಾಖೆಗೂ, ಯುದ್ಧಸಾಮಗ್ರಿಗಳು ರಕ್ಷಣಾ ಉತ್ಪಾದನಾ ಇಲಾಖೆಗೂ ಸೇರುತ್ತವೆ. ಪಟ್ಟಿಯ ಎಂಟನೆಯ ವರ್ಗದಲ್ಲಿ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ದೂರಸಂಪರ್ಕ, ಮಾಹಿತಿ ಸುರಕ್ಷತೆ, ಸಂವೇದಕ ಮತ್ತು ಲೇಸರ್, ಪಥದರ್ಶನ, ಸಾಗರ ತಂತ್ರಜ್ಞಾನಗಳು ಬರುತ್ತವೆ. ಹಾಲೆಂಡಿನ ಊರೊಂದರ ಹೆಸರಿನಲ್ಲಿ 1996ರಲ್ಲಿ ಆರಂಭವಾದ ವಾಸೆನಾರ್ ಒಡಂಬಡಿಕೆಗೆ ಭಾರತವು 2017ರ ಡಿಸೆಂಬರ್‌ನಲ್ಲಿ ಸೇರಿತು. ಈ ವರ್ಗವು ಆ ಒಡಂಬಡಿಕೆಯ ಪಟ್ಟಿಗೆ ಹೊಂದಿಕೊಂಡಿದೆ.

ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನ್ಯ ಲ್ಯಾಪ್‌ಟಾಪ್ ಮತ್ತು ಫೋನುಗಳು ಸಾಮಾನ್ಯವಾಗಿ ಈ ನಿಯಂತ್ರಣದ ಹೊರಗೆ ಉಳಿಯುತ್ತವೆ. ಆದುದರಿಂದ ಎಲ್ಲರೂ ಹೆದರಬೇಕಾಗಿಲ್ಲ. ಆದರೆ ಪಟ್ಟಿಯಲ್ಲಿರುವ ಉಪಕರಣವಾಗಲಿ, ತಂತ್ರಾಂಶವಾಗಲಿ, ನಕ್ಷೆಯಾಗಲಿ ಆ ಲ್ಯಾಪ್‌ಟಾಪಿನ ಜೊತೆಗೋ ಒಳಗೋ ಇದ್ದರೆ ಮಾತು ಬೇರೆ. ವಾಸ್ಕೋದ ಗೋವಾ ಶಿಪ್‌ಯಾರ್ಡ್ ಯುದ್ಧನೌಕೆಗಳನ್ನು ಕಟ್ಟುವ ಸ್ಥಳ; ಬೆಂಗಳೂರು ವಿಮಾನ ಮತ್ತು ಉಪಗ್ರಹಗಳ ನಗರ. ಇಂಥ ಕ್ಷೇತ್ರಗಳಲ್ಲಿ ದುಡಿಯುವವರ ಲ್ಯಾಪ್‌ಟಾಪಿನ ಹೊರಮೈ ಸಾಮಾನ್ಯವಾದರೂ ಒಳಗಿನ ಕಡತ ಸಾಮಾನ್ಯವಾಗಿರದೇ ಇರಬಹುದು. ಕೊಡ ಯಾವುದೆಂಬುದಕ್ಕಿಂತ ಕೊಡದಲ್ಲಿ ಏನಿದೆ ಎಂಬುದು ಇಲ್ಲಿನ ಪ್ರಶ್ನೆ.

ಮೂರನೆಯ ಪದರ: ಪರದೇಶದ ಕಾನೂನು. ಅಮೆರಿಕದ ರಫ್ತು ಆಡಳಿತ ನಿಯಮಗಳು ಅಮೆರಿಕ ಮೂಲದ ಉಪಕರಣ ಮತ್ತು ತಂತ್ರಜ್ಞಾನವನ್ನು ಅದು ಎಲ್ಲಿದ್ದರೂ ಹಿಂಬಾಲಿಸುತ್ತವೆ. ಅಂಥ ವಸ್ತು ಭಾರತದಿಂದ ಮೂರನೆಯ ದೇಶಕ್ಕೆ ಹೋದರೆ ಅದನ್ನು ‘ಮರುರಫ್ತು’ ಎಂದು ಗಣಿಸಲಾಗುತ್ತದೆ. ಕೆಲಸದ ಸಲಕರಣೆಯಾಗಿ ತಾತ್ಕಾಲಿಕವಾಗಿ ಒಯ್ಯುವುದಕ್ಕೆ ಅಲ್ಲಿ ವಿನಾಯಿತಿ ಇದೆ; ಆದರೆ ಆ ವಿನಾಯಿತಿಗೆ ಷರತ್ತುಗಳೂ ಇವೆ. ಸಾಮಾನ್ಯವಾಗಿ ಒಂದು ವರ್ಷದೊಳಗೆ ಹಿಂದಕ್ಕೆ ತರಬೇಕು. ಅಲ್ಲಿಯವರೆಗೆ ಒಯ್ದವನ ‘ಪರಿಣಾಮಕಾರಿ ಹಿಡಿತ’ದಲ್ಲಿ ಇರಬೇಕು. ಹಿಡಿತವೆಂದರೆ ಕೈಯಲ್ಲಿರುವುದು, ಇಲ್ಲವೇ ಬೀಗದ ಭದ್ರತೆಯಲ್ಲಿರುವುದು. ಹೋಟೆಲಿನ ಮೇಜಿನ ಮೇಲೆ ಬಿಟ್ಟುಹೋಗುವುದು, ಪರಿಚಿತರಿಗೆ ಎರಡು ದಿನ ಬಳಸಲು ಕೊಡುವುದು ಹಿಡಿತವಲ್ಲ. ಇರಾನ್, ಕ್ಯೂಬಾ, ಉತ್ತರ ಕೊರಿಯದಂಥ ದೇಶಗಳಿಗೆ ಹೋಗುವಾಗ ನಿಯಮಗಳು ಇನ್ನೂ ಬಿಗಿ. ನಮ್ಮ ಎಂಜಿನಿಯರನಿಗೆ ಕಚೇರಿ ಕೊಟ್ಟ ನಾಲ್ಕು ಪುಟಗಳಲ್ಲಿ ಹೆಚ್ಚಿನ ಭಾಗ ಈ ಪದರಕ್ಕೇ ಸೇರಿತ್ತು.

4. ಕಣ್ಣಿಗೆ ಕಾಣದ ರಫ್ತು

ಇಲ್ಲಿಯವರೆಗೆ ‘ಹೋಯಿತು’ ಎಂಬ ಕ್ರಿಯೆಗೆ ವಸ್ತು ಕರ್ತೃವಾಗಿತ್ತು. ಈಗ ಜ್ಞಾನವೂ ಆ ಸ್ಥಾನಕ್ಕೆ ಬಂದಿದೆ. ಸಾಮೂಹಿಕ ವಿನಾಶದ ಶಸ್ತ್ರಗಳಿಗೆ ಸಂಬಂಧಿಸಿದ 2005ರ ಕಾಯ್ದೆ ಮತ್ತು ವಿದೇಶ ವ್ಯಾಪಾರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಗಳು ವಸ್ತುವಿನೊಡನೆ ತಂತ್ರಜ್ಞಾನದ ವರ್ಗಾವಣೆಯನ್ನೂ ನಿಯಂತ್ರಣದ ಪರಿಧಿಗೆ ತಂದಿವೆ. ಪಟ್ಟಿಯಲ್ಲಿರುವ ತಂತ್ರಜ್ಞಾನದ ನಕ್ಷೆಯನ್ನು ವಾಸ್ಕೋದಲ್ಲಿ ಕುಳಿತೇ ಹೊರದೇಶದವರಿಗೆ ಇಮೇಲ್ ಮಾಡಿದರೂ ಅದು ರಫ್ತಿಗೆ ಸಮ. ‘ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಕಡತವನ್ನು ಅಲ್ಲಿಂದಲೇ ಇಳಿಸಿಕೊಂಡರಾಯಿತು’ ಎಂಬ ಉಪಾಯ ಆದುದರಿಂದ ಎಲ್ಲ ಸಂದರ್ಭದಲ್ಲಿಯೂ ಸಲ್ಲುವುದಿಲ್ಲ. ಚೀಲ ಹಗುರವಾಯಿತೇ ಹೊರತು ಹೊಣೆ ಹಗುರವಾಗಲಿಲ್ಲ.

5. ಹೆಸರಲ್ಲ, ಕೆಲಸ: ದಾಬೋಲಿಂ ಮತ್ತು ಮೋಪಾದ ಪ್ರಕರಣಗಳು

ಗೋವೆಗೆ ಈಗ ಎರಡು ವಿಮಾನನಿಲ್ದಾಣಗಳಿವೆ. ಹಳೆಯದು ವಾಸ್ಕೋದ ಸಮೀಪದ ದಾಬೋಲಿಂ. ಇನ್ನೊಂದು 2023ರ ಜನವರಿಯಿಂದ ವಿಮಾನಗಳ ಸಂಚಾರ ಆರಂಭವಾದ ಮೋಪಾದ ಮನೋಹರ ಅಂತರರಾಷ್ಟ್ರೀಯ ವಿಮಾನನಿಲ್ದಾಣ. 2024ರ ಡಿಸೆಂಬರ್‌ನಲ್ಲಿ ಈ ಎರಡೂ ಕಡೆ ವಿದೇಶೀ ಪ್ರವಾಸಿಗರನ್ನು ಗಾರ್ಮಿನ್ ಸಾಧನಗಳ ಕಾರಣದಿಂದ ತಡೆದು ಪೊಲೀಸರಿಗೆ ಒಪ್ಪಿಸಿದ ಪ್ರಕರಣಗಳು ವರದಿಯಾದವು. ಅಂಗೈಯಗಲದ ಇಂಥ ಸಾಧನಗಳನ್ನು ಓಟಗಾರರು, ಚಾರಣಿಗರು, ಸೈಕಲ್ ಸವಾರರು ದಾರಿ ತಿಳಿಯಲೂ ಅಪಾಯದಲ್ಲಿ ನೆರವು ಕೋರಲೂ ಒಯ್ಯುತ್ತಾರೆ. ದಾಬೋಲಿಂನಲ್ಲಿ ಸಿಕ್ಕಿದ್ದು ಉಪಗ್ರಹದ ಮೂಲಕ ಸಂದೇಶ ಕಳುಹಿಸಬಲ್ಲ ಸಾಧನ.

ಈ ಪ್ರಕರಣಗಳು ರಫ್ತು ನಿಯಂತ್ರಣಕ್ಕೆ ಸೇರಿದವಲ್ಲ. ನೆರೆಯ ವಿಷಯಕ್ಕೆ ಸೇರಿದವು. 1885ರ ತಂತಿ ಕಾಯ್ದೆ ಮತ್ತು 1933ರ ನಿಸ್ತಂತು ತಂತಿ ಕಾಯ್ದೆಯ ಕಾಲದಿಂದ ಬಂದ ಕಟ್ಟಳೆಯಂತೆ, ಥುರಾಯಾ, ಇರಿಡಿಯಂ ಮೊದಲಾದ ಉಪಗ್ರಹ ಫೋನುಗಳನ್ನು ಸರ್ಕಾರದ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ಇಲ್ಲಿ ಒಯ್ಯುವುದು ಮಾತ್ರವಲ್ಲ, ಹೊಂದಿರುವುದೇ ಅಪರಾಧ. 2008ರ ಮುಂಬಯಿ ದಾಳಿಯ ಅನಂತರ ಈ ವಿಷಯದಲ್ಲಿ ಕಟ್ಟುನಿಟ್ಟು ಹೆಚ್ಚಿತು. 2025ರ ಆರಂಭದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಈ ನಿಷೇಧವನ್ನು ಪ್ರಯಾಣಿಕರಿಗೆ ತಿಳಿಸಬೇಕೆಂದು ವಿಮಾನಸಂಸ್ಥೆಗಳಿಗೆ ಸೂಚಿಸಿತು.

ಭಾಷೆಯ ದೃಷ್ಟಿಯಿಂದ ಈ ಪ್ರಸಂಗ ಬೋಧಪ್ರದ. ಪ್ರವಾಸಿಗೆ ಅದು ‘ದಾರಿ ತೋರಿಸುವ ಸಾಧನ’; ‘ಫೋನ್’ ಎಂಬ ಹೆಸರೇ ಅದಕ್ಕಿಲ್ಲ. ತಪಾಸಣೆಯವರು ನೋಡಿದ್ದು ಅದರ ಹೆಸರನ್ನಲ್ಲ, ಅದು ಮಾಡಬಲ್ಲ ಕೆಲಸವನ್ನು. ಹಡಗಿನ ಕೆಲಸಕ್ಕೆ ಹೋಗಿಬರುವ ಗೋವೆ ಮತ್ತು ಕಾರವಾರದ ಯುವಕರು ಇದನ್ನು ವಿಶೇಷವಾಗಿ ಅರಿತಿರಬೇಕು. ಹೊರದೇಶದ ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ವಸ್ತು ನಮ್ಮ ನೆಲದಲ್ಲಿ ನಿಷಿದ್ಧವಾಗಿರಬಹುದು.

6. ಹೊರಡುವ ಮುನ್ನ

ಮೇಲಿನ ವಿವೇಚನೆಯ ಪ್ರಾಯೋಗಿಕ ಫಲವನ್ನು ಹೀಗೆ ಸಂಗ್ರಹಿಸಬಹುದು.

1. ಒಯ್ಯುವ ಪ್ರತಿ ಉಪಕರಣದ ತಯಾರಕರ ಹೆಸರು, ಮಾದರಿ ಮತ್ತು ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.
2. ಉಪಕರಣ ಕಂಪನಿಯದಾದರೆ ಅದರ ಒಡೆತನ, ಪ್ರಯಾಣದ ಉದ್ದೇಶ ಮತ್ತು ಮರಳುವ ದಿನಾಂಕವನ್ನು ತಿಳಿಸುವ ಪತ್ರವನ್ನು ಕಚೇರಿಯಿಂದ ಪಡೆಯಬೇಕು.
3. ಉಪಕರಣವೋ ಅದರೊಳಗಿನ ಕಡತವೋ ನಿಯಂತ್ರಿತ ಪಟ್ಟಿಯಲ್ಲಿದೆಯೇ ಎಂಬುದಕ್ಕೆ ಕಂಪನಿಯಿಂದ ಲಿಖಿತ ಉತ್ತರವನ್ನು ಕೇಳಬೇಕು. ಬಾಯಿಮಾತು ಸಾಲದು.
4. ಕೆಲಸಕ್ಕೆ ಬೇಕಾದಷ್ಟು ಕಡತಗಳನ್ನು ಮಾತ್ರ ಒಯ್ಯಬೇಕು. ಹಲವು ದೇಶಗಳಲ್ಲಿ ಗಡಿಯ ಅಧಿಕಾರಿಗಳಿಗೆ ಉಪಕರಣವನ್ನು ತೆರೆದು ನೋಡುವ ಅಧಿಕಾರವಿದೆ.
5. ಒಳಗೇನಿದೆಯೆಂದು ತಿಳಿಯದ ಪರರ ಉಪಕರಣವನ್ನು, ಅವರು ಎಷ್ಟೇ ಆಪ್ತರಾಗಿರಲಿ, ಒಯ್ಯಬಾರದು.
6. ಅಗತ್ಯವಿದ್ದರೆ ಹೊರಡುವಾಗಲೇ ರಫ್ತು ಪ್ರಮಾಣಪತ್ರ ಪಡೆದು, ಮರಳುವವರೆಗೆ ಜೋಪಾನ ಮಾಡಬೇಕು.

7. ಭಾಷಾವಿದ್ಯಾರ್ಥಿಯ ಪಾತ್ರ

ಇದರಲ್ಲಿ ಕನ್ನಡದ ವಿದ್ಯಾರ್ಥಿಗೇನು ಕೆಲಸವೆಂದು ಕೇಳಬಹುದು. ಬೈನಾ, ಜುವಾರಿನಗರ, ವಾಸ್ಕೋಗಳಲ್ಲಿ ದುಡಿಮೆಗಾಗಿ ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಅಂಥ ಮನೆಗಳಲ್ಲಿ ಮಕ್ಕಳು ಓದಿ ದೂರದೇಶಗಳಿಗೆ ಹೊರಡುವಾಗ ಹಿರಿಯರಿಗೆ ಕಾಗದಪತ್ರಗಳ ಅರ್ಥವನ್ನು ಬಿಡಿಸಿ ಹೇಳುವವರು ಬೇಕು. ಆ ಕೆಲಸಕ್ಕೆ ನಿಘಂಟು ಮಾತ್ರ ಸಾಲದು. ಕಾನೂನಿನ ಕನ್ನಡದಲ್ಲಿ ‘ತಕ್ಕದ್ದು’ ಎಂದರೆ ಕಡ್ಡಾಯ, ‘ಬಹುದು’ ಎಂದರೆ ವಿವೇಚನೆಗೆ ಬಿಟ್ಟದ್ದು. ‘ಪರಂತು’ ಎಂಬ ಪದ ಬಂದರೆ ಮೇಲೆ ಕೊಟ್ಟದ್ದಕ್ಕೆ ಕೆಳಗೊಂದು ಕಟ್ಟು ಬೀಳುತ್ತದೆ. ಮೇಲೆ ಹೇಳಿದ ಅಮೆರಿಕದ ವಿನಾಯಿತಿಯನ್ನು ಅನುವಾದಿಸುವವರು ‘ಒಯ್ಯಬಹುದು’ ಎಂಬಲ್ಲಿಗೆ ನಿಲ್ಲಿಸಿ ಷರತ್ತಿನ ವಾಕ್ಯವನ್ನು ಬಿಟ್ಟರೆ, ಅನುವಾದ ಸುಂದರವಾಗಿದ್ದರೂ ಪ್ರಯಾಣಿಕ ಕಷ್ಟಕ್ಕೆ ಸಿಲುಕುತ್ತಾನೆ. ಕಾವ್ಯದ ಅನುವಾದದಲ್ಲಿ ತಪ್ಪಾದರೆ ರಸಭಂಗ. ಇಲ್ಲಿ ತಪ್ಪಾದರೆ ಒಬ್ಬರ ಬದುಕಿಗೇ ಭಂಗ.

ತಾಯಿಯ ಪ್ರಶ್ನೆಗೆ ಕೊನೆಗೆ ಮಗಳು ಕೊಟ್ಟ ಉತ್ತರ ಸರಳವಾಗಿತ್ತು: “ಅವ್ವಾ, ಕಾಯ್ದೆದಾಗ ರಫ್ತು ಅಂದ್ರ ಮಾರೂದಲ್ಲ, ಗಡಿ ದಾಟಿ ಹೋಗೂದು. ತಿರುಗಿ ತರ್ತೀನಿ ಅನ್ನೂದಕ್ಕ ಕಾಗದ ಇರಬೇಕು.” ತಮ್ಮ ಕಚೇರಿಯಿಂದ ಪತ್ರವನ್ನೂ ವಿಮಾನನಿಲ್ದಾಣದಲ್ಲಿ ಪ್ರಮಾಣಪತ್ರವನ್ನೂ ಪಡೆದು ಹೊರಟ, ಅಳತೆಯ ಉಪಕರಣದ ವಿಷಯದಲ್ಲಿ ಕಂಪನಿಯ ಲಿಖಿತ ಉತ್ತರ ಬರುವವರೆಗೆ ಪ್ರಯಾಣವನ್ನು ಒಂದು ವಾರ ಮುಂದೂಡಬೇಕಾಯಿತು.

ಅಭ್ಯಾಸ

1. ‘ಸುಂಕ’ ಮತ್ತು ‘ನಿಯಂತ್ರಣ’ ಎಂಬ ಪರಿಕಲ್ಪನೆಗಳ ಭೇದವನ್ನು 1059ರ ಶಾಸನ ಮತ್ತು 1547ರ ಒಪ್ಪಂದಗಳ ಆಧಾರದಿಂದ ವಿವರಿಸಿ.
2. ಆಮದು, ರಫ್ತು, ರಹದಾರಿ, ಪರವಾನಗಿ, ಜಪ್ತಿ ಈ ಪದಗಳನ್ನು ನಿಮ್ಮ ಊರಿನ ಆಡುಮಾತಿನಲ್ಲಿ ಯಾವ ಅರ್ಥಗಳಲ್ಲಿ ಬಳಸುತ್ತಾರೆ? ಸಂಗ್ರಹಿಸಿ.
3. ‘ಪರಿಣಾಮಕಾರಿ ಹಿಡಿತ’ ಎಂಬ ಪಾರಿಭಾಷಿಕ ಪದವನ್ನು ಶಾಲೆಗೆ ಹೋಗದ ಹಿರಿಯರೊಬ್ಬರಿಗೆ ತಿಳಿಯುವಂತೆ ಐದು ವಾಕ್ಯಗಳಲ್ಲಿ ಬರೆಯಿರಿ.
4. ಕನ್ನಡದ ಯಾವುದಾದರೂ ಸರ್ಕಾರಿ ಅಧಿಸೂಚನೆಯನ್ನು ಆರಿಸಿಕೊಂಡು ಅದರಲ್ಲಿ ‘ತಕ್ಕದ್ದು’, ‘ಬಹುದು’, ‘ಪರಂತು’ ಬರುವ ವಾಕ್ಯಗಳನ್ನು ಗುರುತಿಸಿ, ಪ್ರತಿಯೊಂದು ಯಾರ ಮೇಲೆ ಯಾವ ಹೊಣೆಯನ್ನು ಹೊರಿಸುತ್ತದೆ ಎಂಬುದನ್ನು ಬರೆಯಿರಿ.